ಭೂಮಿ ಕದಲಿತು, ನಾವು?

ಕನ್ನಡದಲ್ಲಿ ದಿಕ್ಕುಗಳಿಗಿರುವ ಹೆಸರುಗಳೇ ಒಂದು ಪುಟ್ಟ ಖಗೋಳಶಾಸ್ತ್ರ. ಸೂರ್ಯನು ಮೂಡುವ ಕಡೆ ಮೂಡಣ. ಅವನು ಪಡುವ, ಎಂದರೆ ಇಳಿದು ಮರೆಯಾಗುವ ಕಡೆ ಪಡುವಣ. ಈ ಮಾತುಗಳನ್ನು ಕಟ್ಟಿದ ನಮ್ಮ ಹಿರಿಯರ ಕಣ್ಣಿಗೆ ಭೂಮಿ ನಿಂತಿತ್ತು, ಸೂರ್ಯ ನಡೆಯುತ್ತಿದ್ದ. ಇಂದು ಪ್ರಾಥಮಿಕ ಶಾಲೆಯ ಮಗುವಿಗೂ ತಿರುಗುವುದು ಭೂಮಿಯೇ ಎಂದು ಗೊತ್ತು. ಆದರೂ ನಾವು ಸೂರ್ಯೋದಯವೆನ್ನುತ್ತೇವೆ, ಹೊತ್ತು ಮುಳುಗಿತು ಎನ್ನುತ್ತೇವೆ. ಖಗೋಳ ವಿಜ್ಞಾನಿಯೂ ಮನೆಗೆ ಹೋದ ಮೇಲೆ ಹಾಗೆಯೇ ಮಾತನಾಡುತ್ತಾನೆ. ಅದನ್ನು ಯಾರೂ ಸುಳ್ಳೆಂದು ಕರೆಯುವುದಿಲ್ಲ. ನಿಂತ ನೆಲದಿಂದ ಕಂಡದ್ದನ್ನು ಕಂಡಂತೆ ಹೇಳುವ ಮನುಷ್ಯಸಹಜ ನುಡಿ ಅದು.

ಶ್ರೀಗ್ರಂಥವು ಮಾತನಾಡುವುದೂ ಇದೇ ನುಡಿಯಲ್ಲಿ. ಹತ್ತೊಂಬತ್ತನೆಯ ಕೀರ್ತನೆಯಲ್ಲಿ ಸೂರ್ಯನು ಮದುಮಗನಂತೆ ತನ್ನ ಮಂಟಪದಿಂದ ಹೊರಬರುತ್ತಾನೆ. ನೂರನಾಲ್ಕನೆಯ ಕೀರ್ತನೆಯಲ್ಲಿ ಭೂಮಿಯು ಕದಲದಂತೆ ಅಸ್ತಿವಾರದ ಮೇಲೆ ನೆಲೆಗೊಂಡಿದೆ. ಯೆಹೋಶುವನ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಗಿಬ್ಯೋನಿನ ಮೇಲೆ ಸೂರ್ಯನು ನಿಲ್ಲುತ್ತಾನೆ, ಅಯ್ಯಾಲೋನ್ ಕಣಿವೆಯಲ್ಲಿ ಚಂದ್ರನು ತಡೆಯುತ್ತಾನೆ. ಈ ವಾಕ್ಯಗಳನ್ನು ಬರೆದವರು ಗ್ರಹಗತಿಯ ಪಾಠ ಹೇಳಲು ಕುಳಿತವರಲ್ಲ. ಸೃಷ್ಟಿಕರ್ತನನ್ನು ಕೊಂಡಾಡಲು ತಮ್ಮ ಕಾಲದ ಕಣ್ಣನ್ನೂ ನಾಲಿಗೆಯನ್ನೂ ಬಳಸಿದವರು. ಇಂದು ಇಷ್ಟನ್ನು ಹೇಳುವುದು ನಮಗೆ ಎಷ್ಟು ಸುಲಭ! ಆದರೆ ಇದನ್ನು ಕಲಿಯಲು ನಮ್ಮ ಧರ್ಮಸಭೆ ತೆತ್ತ ಬೆಲೆ ಸಣ್ಣದಲ್ಲ. ಆ ಬೆಲೆಯ ಒಂದು ಪಾಲು ಇಂದಿಗೂ ಸಂದಾಯವಾಗುತ್ತಿದೆ.

ಅದು ನನಗೆ ಮನದಟ್ಟಾದದ್ದು ನನ್ನ ತಂಗಿಯ ಮಗನಿಂದ. ಇಂಜಿನಿಯರಿಂಗ್ ಓದುತ್ತಿರುವ ಅವನು ಕೆಲಕಾಲದಿಂದ ಭಾನುವಾರದ ಬಲಿಪೂಜೆಗೆ ಬರುವುದನ್ನು ನಿಲ್ಲಿಸಿದ್ದಾನೆ. ಕಾರಣ ಕೇಳಿದಾಗ ಅವನು ಸೋಮಾರಿತನದ ನೆಪಗಳನ್ನು ಹೇಳಲಿಲ್ಲ. "ಗೆಲಿಲಿಯೋನನ್ನು ಮೊಣಕಾಲೂರಿಸಿ ಸುಳ್ಳು ಹೇಳಿಸಿದವರು ನನಗೆ ಸತ್ಯವನ್ನು ಕಲಿಸುವುದು ಹೇಗೆ?" ಎಂದು ಕೇಳಿದ. ಮನೆಯವರು ಬೇಸರಗೊಂಡರು. ನನಗೆ ಮಾತ್ರ, ಈ ಪ್ರಶ್ನೆಗೆ ಬೈಗುಳವೂ ಉತ್ತರವಲ್ಲ, ಮೌನವೂ ಉತ್ತರವಲ್ಲ ಎನ್ನಿಸಿತು. ಕಥೆಯನ್ನು ಮೊದಲಿನಿಂದ ನೋಡೋಣವೆಂದು ಅವನಿಗೆ ಹೇಳಿದೆ. ಆ ಮಾತುಕತೆಯ ಸಾರವೇ ಈ ಬರಹ.

ಕೇಂದ್ರವೆಂಬುದು ಗೌರವದ ಸ್ಥಾನವಾಗಿತ್ತೇ?

ಭೂಮಿಯೇ ವಿಶ್ವದ ಕೇಂದ್ರವೆಂದು ನಂಬಿದ್ದ ಪ್ರಾಚೀನರು ದಡ್ಡರಾಗಿರಲಿಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ ಸಾಮೊಸ್ ದ್ವೀಪದ ಅರಿಸ್ಟಾರ್ಕಸ್ ಸೂರ್ಯಕೇಂದ್ರದ ವಿಚಾರವನ್ನು ಮುಂದಿಟ್ಟಿದ್ದ. ನಮ್ಮ ನಾಡಿನ ಆರ್ಯಭಟನು ಕ್ರಿ.ಶ. 499ರ ತನ್ನ ಆರ್ಯಭಟೀಯದಲ್ಲಿ, ದೋಣಿಯಲ್ಲಿ ಸಾಗುವವನಿಗೆ ದಡದ ವಸ್ತುಗಳು ಹಿಂದಕ್ಕೆ ಚಲಿಸುವಂತೆ ತೋರುವ ಉಪಮೆಯನ್ನು ಕೊಟ್ಟು, ಭೂಮಿ ತನ್ನ ಅಕ್ಷದ ಮೇಲೆ ಸುತ್ತುವುದರಿಂದಲೇ ನಕ್ಷತ್ರಗಳು ಚಲಿಸುವಂತೆ ಕಾಣುತ್ತವೆ ಎಂದ. ಅದು ಸೂರ್ಯಕೇಂದ್ರದ ವಾದವಲ್ಲ. ಆದರೆ ಕಣ್ಣು ಕಂಡದ್ದನ್ನು ಬುದ್ಧಿ ಪ್ರಶ್ನಿಸಿದ ದೊಡ್ಡ ಗಳಿಗೆ. ಸುಮಾರು 130 ವರ್ಷಗಳ ನಂತರ ಬ್ರಹ್ಮಗುಪ್ತನು ಇದನ್ನು ಆಕ್ಷೇಪಿಸಿದ. ಕಾಲಕೆಳಗಿನ ನೆಲ ತಿರುಗುತ್ತಿದೆ ಎಂಬುದನ್ನು ಯಾವ ನಾಡೂ ಮೊದಲ ಮಾತಿಗೇ ಒಪ್ಪಿಕೊಳ್ಳಲಿಲ್ಲ.

ಒಪ್ಪದಿರಲು ಕಾರಣಗಳೂ ಇದ್ದವು. ಭೂಮಿ ತಿರುಗುವುದಾದರೆ ಬಿರುಗಾಳಿ ಏಕೆ ಬೀಸುವುದಿಲ್ಲ? ಮೇಲಕ್ಕೆಸೆದ ಕಲ್ಲು ಎಸೆದವನ ಬಳಿಯೇ ಏಕೆ ಬೀಳುತ್ತದೆ? ಬೆಂಗಳೂರಿನ ಅಕ್ಷಾಂಶದಲ್ಲಿ ನೆಲವು ಗಂಟೆಗೆ ಸುಮಾರು 1600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ ಎಂದರೆ ಇಂದಿಗೂ ಮನಸ್ಸು ತಕ್ಷಣ ನಂಬುವುದಿಲ್ಲ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ರಚಿಸಿದ ವ್ಯವಸ್ಥೆಯಲ್ಲಿ ಭೂಮಿ ನಡುವೆ ನಿಂತಿತ್ತು. ಗ್ರಹಗಳು ವೃತ್ತದ ಮೇಲೆ ಸುತ್ತುವ ಚಿಕ್ಕ ವೃತ್ತಗಳಲ್ಲಿ ಚಲಿಸುತ್ತಿದ್ದವು. ಗ್ರಹಗಳ ಸ್ಥಾನವನ್ನು ಮುಂಚಿತವಾಗಿ ಲೆಕ್ಕಹಾಕಲು ಅದು ಸಾವಿರದ ನಾನೂರು ವರ್ಷಗಳ ಕಾಲ ನೆರವಾಯಿತು.

ಇಲ್ಲಿ ಒಂದು ಜನಪ್ರಿಯ ತಪ್ಪುಕಲ್ಪನೆಯನ್ನು ಸರಿಪಡಿಸಬೇಕು. ಭೂಮಿಯನ್ನು ಕೇಂದ್ರದಿಂದ ಇಳಿಸಿದ್ದರಿಂದ ಮನುಷ್ಯನ ಹೆಮ್ಮೆಗೆ ಪೆಟ್ಟಾಯಿತು, ಅದಕ್ಕೇ ಧರ್ಮವು ಕೆರಳಿತು ಎಂದು ಅನೇಕರು ಬರೆಯುತ್ತಾರೆ. ಆದರೆ ಮಧ್ಯಯುಗದ ವಿಶ್ವದಲ್ಲಿ ಕೇಂದ್ರವೆಂದರೆ ಸಿಂಹಾಸನವಲ್ಲ, ತಳ. ಭಾರವಾದದ್ದು, ಕೊಳೆಯುವುದು, ಸಾಯುವುದು ಎಲ್ಲವೂ ಕೆಳಕ್ಕೆ ಇಳಿದು ಸೇರುವ ಜಾಗ ಅದು. ದಾಂತೆ ಕವಿಯು ತನ್ನ ಮಹಾಕಾವ್ಯದಲ್ಲಿ ಭೂಮಿಯ ನಟ್ಟನಡುವೆ ಇರಿಸಿದ್ದು ಸೈತಾನನನ್ನು. ದೇವರ ಸನ್ನಿಧಿಯಿದ್ದದ್ದು ಎಲ್ಲ ಗೋಳಗಳಾಚೆ, ಅತಿ ಎತ್ತರದಲ್ಲಿ. ಆದ್ದರಿಂದ ಭೂಮಿಯೂ ಒಂದು ಗ್ರಹವೆಂದು ಹೇಳುವುದು ಅದನ್ನು ಕೆಳಗಿಳಿಸಿದಂತಲ್ಲ. ಅದನ್ನು ಎತ್ತಿ, ಬೆಳಗುವ ಶುಕ್ರ ಗುರುಗಳ ಸಾಲಿನಲ್ಲಿ ಕುಳ್ಳಿರಿಸಿದಂತೆ. ಗೆಲಿಲಿಯೋ ತನ್ನ ಬರಹದಲ್ಲಿ ಈ ಮಾತನ್ನು ಸಂತೋಷದಿಂದಲೇ ಹೇಳಿದ್ದಾನೆ.

ಹಾಗಾದರೆ ನಿಜಕ್ಕೂ ಕಳೆದುಹೋದದ್ದು ಏನು? ಕಳೆದದ್ದು ನಿಶ್ಚಿತತೆ. ನಾನು ನಿಂತಿದ್ದೇನೆ, ನನ್ನ ಸುತ್ತಲಿನದೆಲ್ಲ ಚಲಿಸುತ್ತಿದೆ ಎಂಬ ಪ್ರಶ್ನಾತೀತ ಅನುಭವವೇ ಪ್ರಶ್ನೆಗೊಳಗಾಯಿತು. ಮನುಷ್ಯನಿಗೆ ತನ್ನ ಗೌರವವನ್ನು ಕಳೆದುಕೊಳ್ಳುವುದಕ್ಕಿಂತ ಇದು ಕಷ್ಟ.

ಪ್ರಧಾನಾಲಯದ ಗೋಪುರದಿಂದ

ಈ ಪ್ರಶ್ನೆಯನ್ನು ಎತ್ತಿದವನು ಧರ್ಮಸಭೆಯ ಹೊರಗಿನವನಲ್ಲ. 1473ರಲ್ಲಿ ಇಂದಿನ ಪೋಲೆಂಡಿನ ಟೊರೂನ್ ಪಟ್ಟಣದಲ್ಲಿ ಹುಟ್ಟಿದ ನಿಕೊಲಾಸ್ ಕೋಪರ್ನಿಕಸ್, ಧರ್ಮಾಧ್ಯಕ್ಷರಾಗಿದ್ದ ಸೋದರಮಾವನ ಆಶ್ರಯದಲ್ಲಿ ಬೆಳೆದು, ಇಟಲಿಯಲ್ಲಿ ಧರ್ಮಸಭೆಯ ಕಾನೂನನ್ನೂ ವೈದ್ಯವನ್ನೂ ಓದಿ, ಬಾಲ್ಟಿಕ್ ಸಮುದ್ರತೀರದ ಫ್ರಾಂಬರ್ಕ್ ಪ್ರಧಾನಾಲಯದಲ್ಲಿ ಕ್ಯಾನನ್ ಆಗಿದ್ದ. ಜಮೀನಿನ ಲೆಕ್ಕ ನೋಡುವುದು, ರೋಗಿಗಳಿಗೆ ಮದ್ದು ಕೊಡುವುದು, ನಾಣ್ಯಪದ್ಧತಿಯ ಸುಧಾರಣೆಯ ಬಗ್ಗೆ ಬರೆಯುವುದು ಇವೆಲ್ಲ ಅವನ ದಿನನಿತ್ಯದ ಕೆಲಸಗಳು. ಆಕಾಶವೀಕ್ಷಣೆ ಬಿಡುವಿನ ವೇಳೆಯ ಸಾಧನೆ. ಪಾಸ್ಖ ಹಬ್ಬದ ದಿನ ನಿರ್ಣಯಕ್ಕೆ ಪಂಚಾಂಗ ಸರಿಯಾಗಿರಬೇಕು, ಪಂಚಾಂಗಕ್ಕೆ ಸೂರ್ಯಚಂದ್ರರ ಗತಿ ಖಚಿತವಾಗಿ ತಿಳಿದಿರಬೇಕು. ಆದ್ದರಿಂದ ಇದು ಧರ್ಮಸಭೆಗೂ ಬೇಕಾದ ವಿದ್ಯೆಯೇ ಆಗಿತ್ತು.

ಅವನ ವಿಚಾರದ ಸೊಗಸನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಮಂಗಳ ಗ್ರಹವು ಕೆಲವೊಮ್ಮೆ ಆಕಾಶದಲ್ಲಿ ನಿಂತು, ಹಿಂದಕ್ಕೆ ಸರಿದು, ಮತ್ತೆ ಮುಂದೆ ಸಾಗುವಂತೆ ಕಾಣುತ್ತದೆ. ಇದನ್ನು ವಕ್ರಗತಿ ಎನ್ನುತ್ತಾರೆ. ಟಾಲೆಮಿಯ ವ್ಯವಸ್ಥೆ ಇದಕ್ಕಾಗಿ ವೃತ್ತದ ಮೇಲೊಂದು ವೃತ್ತವನ್ನು ಹೂಡಬೇಕಾಯಿತು. ನಾವು ಕುಳಿತ ರೈಲು ಪಕ್ಕದ ಹಳಿಯ ನಿಧಾನದ ರೈಲನ್ನು ಹಿಂದೆ ಹಾಕುವಾಗ ಅದು ಹಿಂದಕ್ಕೆ ಹೋದಂತೆ ಕಾಣುವುದಿಲ್ಲವೇ? ಭೂಮಿಯು ಒಳಗಿನ ಪಥದಲ್ಲಿ ವೇಗವಾಗಿ ಸಾಗಿ ಮಂಗಳನನ್ನು ಹಿಂದೆ ಹಾಕುವಾಗಲೂ ಹಾಗೆಯೇ ಎಂದ ಕೋಪರ್ನಿಕಸ್. ಮಂಗಳನ ಹಿಮ್ಮುಖ ನಡಿಗೆ ಮಂಗಳನಲ್ಲಿಲ್ಲ, ನಮ್ಮ ಚಲನೆಯಲ್ಲಿದೆ. ಇತರರ ನಡಿಗೆ ವಕ್ರವಾಗಿ ಕಾಣುವುದಕ್ಕೆ ಎಷ್ಟೋ ಬಾರಿ ಕಾರಣ ನಾವೇ ಎಂಬುದು ಖಗೋಳಕ್ಕೆ ಮಾತ್ರ ಸೀಮಿತವಾದ ಸತ್ಯವಲ್ಲ.

ಅವನು ತನ್ನ ಗ್ರಂಥವನ್ನು ಬಹುಕಾಲ ಪ್ರಕಟಿಸಲಿಲ್ಲ. 1536ರಲ್ಲಿ ಕಾರ್ಡಿನಲ್ ಶೋನ್‌ಬರ್ಗ್ ಪತ್ರ ಬರೆದು ಅವನ ವಿಚಾರಗಳನ್ನು ತಮಗೆ ಕಳುಹಿಸುವಂತೆ ಕೇಳಿಕೊಂಡರು. ಗೆಳೆಯರಾಗಿದ್ದ ಧರ್ಮಾಧ್ಯಕ್ಷ ಟೀಡೆಮನ್ ಗೀಸೆ ಒತ್ತಾಯಿಸಿದರು. 1539ರಲ್ಲಿ ಲೂಥರನ ವಿಟೆನ್‌ಬರ್ಗಿನಿಂದ ರೆಟಿಕಸ್ ಎಂಬ ಇಪ್ಪತ್ತೈದರ ಯುವ ಪ್ರಾಧ್ಯಾಪಕ ಬಂದು ಶಿಷ್ಯನಾದ. ಪಶ್ಚಿಮದ ಕ್ರೈಸ್ತಲೋಕ ಎರಡಾಗಿ ಸೀಳುತ್ತಿದ್ದ ಆ ವರ್ಷಗಳಲ್ಲಿ, ಕಥೋಲಿಕ ಕ್ಯಾನನ್ ಒಬ್ಬನ ಗ್ರಂಥವು ಪ್ರೊಟೆಸ್ಟಂಟ್ ಶಿಷ್ಯನ ನೆರವಿನಿಂದ, ಪ್ರೊಟೆಸ್ಟಂಟ್ ನಗರವಾದ ನ್ಯೂರೆಂಬರ್ಗಿನಲ್ಲಿ ಅಚ್ಚಾಗಿ, ಜಗದ್ಗುರು ಮೂರನೇ ಪೌಲರಿಗೆ ಅರ್ಪಿತವಾಯಿತು. 1543ರಲ್ಲಿ ಗ್ರಂಥ ಹೊರಬಂದಾಗ ಕೋಪರ್ನಿಕಸ್ ಮರಣಶಯ್ಯೆಯಲ್ಲಿದ್ದ. ಅದೇ ವರ್ಷ ಮೇ 24ರಂದು ತೀರಿಕೊಂಡ. ಗುರುತಿಲ್ಲದೆ ಪ್ರಧಾನಾಲಯದ ನೆಲದಡಿಯಲ್ಲಿದ್ದ ಅವನ ಅವಶೇಷಗಳು 2005ರಲ್ಲಿ ದೊರೆತವು. ಅವನ ಪುಸ್ತಕವೊಂದರಲ್ಲಿ ಸಿಕ್ಕ ಕೂದಲಿನ ಡಿಎನ್‌ಎ ಜೊತೆ ಹೋಲಿಸಿ ಗುರುತಿಸಿದ ಮೇಲೆ 2010ರ ಮೇ 22ರಂದು ಅದೇ ಪ್ರಧಾನಾಲಯದಲ್ಲಿ ಗೌರವದಿಂದ ಮರುಸಮಾಧಿ ಮಾಡಲಾಯಿತು.

ಪುರಾವೆ ಮತ್ತು ತಾಳ್ಮೆ

ಕೋಪರ್ನಿಕಸ್ ಹೇಳಿದ್ದೆಲ್ಲ ಸರಿಯಿರಲಿಲ್ಲ. ಗ್ರಹಗಳು ವೃತ್ತದಲ್ಲೇ ಚಲಿಸಬೇಕೆಂಬ ಹಳೆಯ ನಂಬಿಕೆಯನ್ನು ಅವನೂ ಬಿಟ್ಟಿರಲಿಲ್ಲ. ಅದನ್ನು ಬಿಡಿಸಿದವನು ದೇವಶಾಸ್ತ್ರದ ವಿದ್ಯಾರ್ಥಿಯಾಗಿದ್ದ ಯೊಹಾನೆಸ್ ಕೆಪ್ಲರ್. ಟೈಕೊ ಬ್ರಾಹೆಯ ವೀಕ್ಷಣೆಗೂ ತನ್ನ ಲೆಕ್ಕಕ್ಕೂ ನಡುವೆ ಎಂಟು ಕಲೆಗಳಷ್ಟು, ಎಂದರೆ ಹುಣ್ಣಿಮೆಯ ಚಂದ್ರನ ಅಗಲದ ಸುಮಾರು ಕಾಲುಭಾಗದಷ್ಟು ವ್ಯತ್ಯಾಸ ಬಂದದ್ದನ್ನು ಅವನು ಅಲಕ್ಷಿಸಲಿಲ್ಲ. ಆ ಸಣ್ಣ ವ್ಯತ್ಯಾಸಕ್ಕೆ ಶರಣಾಗಿ ವರ್ಷಗಟ್ಟಲೆ ದುಡಿದು, 1609ರಲ್ಲಿ ಮಂಗಳನ ಪಥ ದೀರ್ಘವೃತ್ತವೆಂದು ಪ್ರಕಟಿಸಿದ. ವಾಸ್ತವಕ್ಕೆ ತೋರುವ ಈ ವಿಧೇಯತೆ ಒಂದು ಬಗೆಯ ಪ್ರಾರ್ಥನೆಯೆಂದೇ ನನ್ನ ಭಾವನೆ.

1610ರ ಜನವರಿಯಲ್ಲಿ ಗೆಲಿಲಿಯೋ ತನ್ನ ದೂರದರ್ಶಕದಲ್ಲಿ ಗುರುಗ್ರಹವನ್ನು ಸುತ್ತುವ ನಾಲ್ಕು ಚಂದ್ರರನ್ನು ಕಂಡ. ಎಲ್ಲವೂ ಭೂಮಿಯನ್ನೇ ಸುತ್ತುತ್ತದೆ ಎಂಬ ಮಾತು ಅಲ್ಲಿಗೆ ಮುಗಿಯಿತು. ಅದೇ ವರ್ಷದ ಕೊನೆಗೆ ಶುಕ್ರನೂ ಚಂದ್ರನಂತೆ ವೃದ್ಧಿಕ್ಷಯಗಳನ್ನು ತೋರುವುದನ್ನು ಕಂಡ. ಆ ಗ್ರಹ ಸೂರ್ಯನನ್ನು ಸುತ್ತುತ್ತಿರಲೇಬೇಕು. 1611ರಲ್ಲಿ ರೋಮ್ ನಗರದ ಯೇಸುಸಭೆಯ ವಿದ್ಯಾಪೀಠದ ಗಣಿತಜ್ಞರು ತಾವೇ ದೂರದರ್ಶಕದಲ್ಲಿ ನೋಡಿ ಈ ಶೋಧಗಳನ್ನು ದೃಢಪಡಿಸಿ ಅವನನ್ನು ಸನ್ಮಾನಿಸಿದರು.

ಆದರೂ ಒಂದು ಕೊರತೆ ಉಳಿದಿತ್ತು. ಹೆಬ್ಬೆರಳನ್ನು ಮುಂದೆ ಹಿಡಿದು ಒಂದೊಂದೇ ಕಣ್ಣಿನಿಂದ ನೋಡಿದರೆ ಬೆರಳು ಹಿನ್ನೆಲೆಯೆದುರು ಸರಿದಂತೆ ಕಾಣುತ್ತದೆ. ಭೂಮಿ ಸೂರ್ಯನನ್ನು ಸುತ್ತುವುದಾದರೆ ಆರು ತಿಂಗಳ ಅಂತರದಲ್ಲಿ ಸಮೀಪದ ನಕ್ಷತ್ರಗಳು ಹೀಗೆಯೇ ಸರಿದಂತೆ ಕಾಣಬೇಕು. ಆ ಕಾಲದ ಯಾವ ಉಪಕರಣಕ್ಕೂ ಅದು ಕಾಣಲಿಲ್ಲ. ನಕ್ಷತ್ರಗಳು ಊಹಾತೀತ ದೂರದಲ್ಲಿವೆ ಎಂಬುದೇ ಕಾರಣ. ಕೊನೆಗೆ 1838ರಲ್ಲಿ ಜರ್ಮನಿಯ ಬೆಸೆಲ್ ಒಂದು ನಕ್ಷತ್ರದಲ್ಲಿ ಅದನ್ನು ಅಳೆದ. ಅವನಿಗೆ ದೊರೆತ ಕೋನ, ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು ಸುಮಾರು 16 ಕಿ.ಮೀ. ದೂರದಲ್ಲಿಟ್ಟು ನೋಡಿದಷ್ಟು ಕಿರಿದು!

ಇದನ್ನೇಕೆ ಹೇಳುತ್ತಿದ್ದೇನೆಂದರೆ, ಪುರಾವೆ ಕೇಳಿದ್ದು ಧರ್ಮಸಭೆಯ ಅಪರಾಧವಲ್ಲ. ಸಂತ ರಾಬರ್ಟ್ ಬೆಲ್ಲರ್ಮಿನ್ನರು 1615ರ ಏಪ್ರಿಲ್‌ನಲ್ಲಿ ಬರೆದ ಪತ್ರದಲ್ಲಿ, ಭೂಮಿಯ ಚಲನೆಗೆ ನಿಜವಾದ ಪುರಾವೆ ದೊರೆತರೆ, ಅದನ್ನು ಸುಳ್ಳೆನ್ನುವ ಬದಲು ಶ್ರೀಗ್ರಂಥದ ಆ ಭಾಗಗಳು ನಮಗೆ ಅರ್ಥವಾಗಿಲ್ಲವೆಂದು ಹೇಳಬೇಕಾಗುತ್ತದೆ ಎಂಬ ಆಶಯವನ್ನು ವ್ಯಕ್ತಪಡಿಸಿದ್ದರು. ಅಂಥ ಪುರಾವೆ ಇದೆಯೆಂದು ತಾವು ನಂಬುವುದಿಲ್ಲ ಎಂದೂ ಸೇರಿಸಿದ್ದರು. ಗೆಲಿಲಿಯೋ ತನ್ನ ದೊಡ್ಡ ಪುರಾವೆಯೆಂದು ಮಂಡಿಸಿದ ಸಮುದ್ರದ ಉಬ್ಬರವಿಳಿತದ ವಾದ ತಪ್ಪಾಗಿತ್ತು. ಅಪರಾಧ ನಡೆದದ್ದು ಬೇರೆ ಕಡೆ. ಪುರಾವೆಗಾಗಿ ಕಾಯುವ ಬದಲು, ಹುಡುಕುವ ಬಾಯಿಯನ್ನೇ ಮುಚ್ಚಿಸಿದೆವು. 1616ರ ಮಾರ್ಚ್ 5ರಂದು ಕೋಪರ್ನಿಕಸನ ಗ್ರಂಥವನ್ನು ತಿದ್ದುಪಡಿಯಾಗುವವರೆಗೆ ತಡೆಹಿಡಿಯಲಾಯಿತು.

ಮಗಳ ಕೀರ್ತನೆಗಳು

1632ರಲ್ಲಿ ಗೆಲಿಲಿಯೋ ತನ್ನ ಸಂವಾದ ಗ್ರಂಥವನ್ನು ಪ್ರಕಟಿಸಿದ. ಮರುವರ್ಷ ರೋಮಿಗೆ ಕರೆಸಿ ವಿಚಾರಣೆ ನಡೆಸಿದರು. 1633ರ ಜೂನ್ 22ರಂದು, 69 ವರ್ಷದ ಆ ಮುದುಕ ಮೊಣಕಾಲೂರಿ ತನ್ನ ಮಾತನ್ನು ಹಿಂದಕ್ಕೆ ಪಡೆದ. ಏಳುವಾಗ 'ಆದರೂ ಅದು ಚಲಿಸುತ್ತದೆ' ಎಂದು ಗೊಣಗಿದನೆಂಬ ಕಥೆಗೆ ವಿಚಾರಣೆಯ ದಾಖಲೆಗಳಲ್ಲಿ ಆಧಾರವಿಲ್ಲ. ಅವನಿಂದ ಆ ಮಾತು ಹೊರಬರಲಿಲ್ಲ ಎಂಬುದೇ ಹೆಚ್ಚು ನೋವಿನ ಸಂಗತಿ. ತೀರ್ಪು ನೀಡಲು ಕುಳಿತ ಹತ್ತು ಕಾರ್ಡಿನಲ್‌ಗಳಲ್ಲಿ ಸಹಿ ಹಾಕಿದವರು ಏಳು ಮಂದಿ.

ಶಿಕ್ಷೆಯ ಒಂದು ಭಾಗವಾಗಿ ಅವನು ಮೂರು ವರ್ಷ, ವಾರಕ್ಕೊಮ್ಮೆ, ಏಳು ಪಶ್ಚಾತ್ತಾಪದ ಕೀರ್ತನೆಗಳನ್ನು ಪಠಿಸಬೇಕಿತ್ತು. ಅವನ ಹಿರಿಯ ಮಗಳು ವರ್ಜೀನಿಯಾ ಹದಿಮೂರರ ವಯಸ್ಸಿನಿಂದ ಫ್ಲಾರೆನ್ಸ್ ಬಳಿಯ ಆರ್ಚೆತ್ರಿಯ ಸಂತ ಕ್ಲಾರಾ ಸಭೆಯ ಮಠದಲ್ಲಿದ್ದಳು. ತಂದೆಯ ಆಕಾಶಪ್ರೀತಿಯನ್ನು ನೆನಪಿಸುವಂತೆ ಅವಳ ಸನ್ಯಾಸದ ಹೆಸರು ಮರಿಯಾ ಚೆಲೆಸ್ತೆ. 'ಚೆಲೆಸ್ತೆ' ಎಂದರೆ ಸ್ವರ್ಗೀಯ, ಆಕಾಶದ ಎಂದರ್ಥ. ಅವಳು ತಂದೆಗೆ ಬರೆದ 124 ಪತ್ರಗಳು ಉಳಿದಿವೆ. ತಂದೆಯ ಅಂಗಿಯ ಕಾಲರು ಹೊಲಿದು ಕಳುಹಿಸುವ, ತೋಟದ ಹಣ್ಣಿನ ವಿಚಾರ ತಿಳಿಸುವ, ಬಡ ಮಠದ ಚಳಿಯನ್ನು ವಿವರಿಸುವ ಪತ್ರಗಳು. ತೀರ್ಪಿನ ಪ್ರತಿಯನ್ನು ಓದಿದ ಮೇಲೆ ಅವಳು, ವಾರಕ್ಕೊಮ್ಮೆ ಆ ಏಳು ಕೀರ್ತನೆಗಳನ್ನು ಪಠಿಸುವ ಹೊಣೆಯನ್ನು ತಾನೇ ವಹಿಸಿಕೊಂಡು ಆಗಲೇ ಆರಂಭಿಸಿದ್ದೇನೆಂದು ತಂದೆಗೆ ಬರೆದಳು. 1633ರ ಕೊನೆಗೆ ಗೆಲಿಲಿಯೋ ಗೃಹಬಂಧನದ ಕೈದಿಯಾಗಿ ಆರ್ಚೆತ್ರಿಗೆ ಮರಳಿದ. ನಾಲ್ಕು ತಿಂಗಳೊಳಗೆ, 1634ರ ಏಪ್ರಿಲ್ 2ರಂದು, ಅವಳು 33ನೇ ವಯಸ್ಸಿನಲ್ಲಿ ತೀರಿಕೊಂಡಳು. ಅವನು ಅವಳಿಗೆ ಬರೆದ ಪತ್ರಗಳಲ್ಲಿ ಒಂದೂ ಉಳಿದಿಲ್ಲ. ಕಣ್ಣು ಕಳೆದುಕೊಂಡರೂ ಕೆಲಸ ಬಿಡದ ಗೆಲಿಲಿಯೋ 1642ರ ಜನವರಿ 8ರಂದು ಅದೇ ಮನೆಯಲ್ಲಿ ಸತ್ತ.

ಇಷ್ಟನ್ನು ಕೇಳಿದ ನನ್ನ ಸೋದರಳಿಯ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅಪ್ಪನಿಗೆ ಹೀಗೆ ಮಾಡಿದ ಮೇಲೂ ಅವಳೇಕೆ ಮಠ ಬಿಟ್ಟು ಹೊರಡಲಿಲ್ಲ?" ಎಂದ. ಆ ಕಾಲದ ಹೆಣ್ಣಿಗೆ ಹೋಗಲು ಬೇರೆ ಜಾಗವಿರಲಿಲ್ಲ ಎನ್ನುವುದು ಒಂದು ಉತ್ತರ, ಮತ್ತು ಅದು ನಿಜ. ಆದರೆ ಪತ್ರಗಳನ್ನು ಓದಿದವರಿಗೆ ಅದು ಪೂರ್ಣ ಉತ್ತರವೆನಿಸದು. ತಂದೆಯ ಮೇಲಿನ ಪ್ರೀತಿಯನ್ನೂ ಪ್ರಭುವಿನ ಮೇಲಿನ ಪ್ರೀತಿಯನ್ನೂ ಅವಳು ಎದುರುಬದುರು ನಿಲ್ಲಿಸಲಿಲ್ಲ. ಶಿಕ್ಷೆಯಾಗಿ ಬಂದ ಕೀರ್ತನೆಗಳನ್ನು ಪ್ರೀತಿಯ ಸೇವೆಯಾಗಿ ಮಾರ್ಪಡಿಸಿದಳು. ಧರ್ಮಸಭೆಯೆಂದರೆ ತೀರ್ಪಿನ ಕೆಳಗಿನ ಏಳು ಸಹಿಗಳಷ್ಟೇ ಅಲ್ಲ, ವಾರಕ್ಕೊಮ್ಮೆ ಪಠಿಸಿದ ಆ ಏಳು ಕೀರ್ತನೆಗಳೂ ಹೌದು ಎಂದು ನಾನು ಅವನಿಗೆ ಹೇಳಿದೆ. ಇದನ್ನು ಕೇಳಿ ಅವನು ಮುಂದಿನ ಭಾನುವಾರವೇ ದೇವಾಲಯಕ್ಕೆ ಬಂದನೆಂದು ಬರೆಯಲು ಆಸೆಯಿದೆ. ಅವನು ಬಂದಿಲ್ಲ. ಆದರೆ ಪ್ರಶ್ನೆ ಕೇಳಲು ನಮ್ಮ ಮನೆಗೆ ಬರುತ್ತಿದ್ದಾನೆ. ಮುಚ್ಚಿದ ಬಾಗಿಲಿಗಿಂತ ತೆರೆದ ಪ್ರಶ್ನೆ ದೇವರಿಗೆ ಹೆಚ್ಚು ಸಮೀಪವೆಂಬ ಭರವಸೆ ನನಗಿದೆ.

ಛಾವಣಿಯ ರಂಧ್ರದಿಂದ ಬಂದ ಬೆಳಕು

ಕಥೆ 1633ಕ್ಕೆ ಮುಗಿಯುವುದಿಲ್ಲ. ಕೇವಲ 22 ವರ್ಷಗಳ ನಂತರ, 1655ರಲ್ಲಿ, ಜಗದ್ಗುರುಗಳ ಆಳ್ವಿಕೆಗೇ ಒಳಪಟ್ಟಿದ್ದ ಬೊಲೊನ್ಯ ನಗರದ ಸಂತ ಪೆತ್ರೋನಿಯಸರ ಮಹಾದೇವಾಲಯದಲ್ಲಿ ಕಸ್ಸಿನಿ ಎಂಬ ಖಗೋಳಜ್ಞನು ಛಾವಣಿಯಲ್ಲಿ ಸುಮಾರು 27 ಮೀಟರ್ ಎತ್ತರದಲ್ಲಿ ಒಂದು ಸಣ್ಣ ರಂಧ್ರ ಮಾಡಿಸಿ, ನೆಲದ ಮೇಲೆ ಸುಮಾರು 67 ಮೀಟರ್ ಉದ್ದದ ರೇಖೆ ಎಳೆಸಿದ. ಪ್ರತಿ ಮಧ್ಯಾಹ್ನ ಸೂರ್ಯಬಿಂಬವು ಆ ರೇಖೆಯನ್ನು ದಾಟುತ್ತದೆ. ಪಾಸ್ಖ ಹಬ್ಬದ ಲೆಕ್ಕಕ್ಕೆ ವಸಂತ ವಿಷುವವನ್ನು ಖಚಿತಪಡಿಸಿಕೊಳ್ಳಲು ಇದು ನೆರವಾಗುತ್ತಿತ್ತು. ವರ್ಷವಿಡೀ ಬಿಂಬದ ಗಾತ್ರವನ್ನು ಅಳೆದಾಗ ಕಸ್ಸಿನಿಗೆ ಸಿಕ್ಕಿದ್ದು ಹಳೆಯ ಲೆಕ್ಕಕ್ಕಿಂತ ಕೆಪ್ಲರನ ಲೆಕ್ಕಕ್ಕೆ ಹೊಂದುವ ಫಲಿತಾಂಶ. ಬಾಯಿ ಮುಚ್ಚಿಸಿದ ಧರ್ಮಸಭೆಯ ಛಾವಣಿಯಿಂದಲೇ ಬೆಳಕು ಇಳಿದು ಬಂದು ನೆಲದ ಮೇಲೆ ಸತ್ಯವನ್ನು ಬರೆಯುತ್ತಿತ್ತು.

ಆಮೇಲಿನ ಹೆಜ್ಜೆಗಳು ನಿಧಾನವಾದವು. 1758ರ ನಿಷಿದ್ಧ ಗ್ರಂಥಗಳ ಪಟ್ಟಿಯಿಂದ ಭೂಮಿಯ ಚಲನೆಯ ಬಗೆಗಿನ ಸಾಮಾನ್ಯ ನಿಷೇಧವನ್ನು ಕೈಬಿಡಲಾಯಿತು. 1822ರಲ್ಲಿ ಅಂಥ ಗ್ರಂಥಗಳನ್ನು ರೋಮ್‌ನಲ್ಲೇ ಅಚ್ಚುಹಾಕಲು ಅನುಮತಿ ದೊರೆಯಿತು. 1835ರ ಪಟ್ಟಿಯಲ್ಲಿ ಕೋಪರ್ನಿಕಸ್, ಕೆಪ್ಲರ್, ಗೆಲಿಲಿಯೋ ಯಾರ ಹೆಸರೂ ಇರಲಿಲ್ಲ. 1893ರಲ್ಲಿ ಜಗದ್ಗುರು ಹದಿಮೂರನೇ ಲಿಯೋ ಅವರು, ಶ್ರೀಗ್ರಂಥದ ಲೇಖಕರು ನಿಸರ್ಗದ ವಿಚಾರದಲ್ಲಿ ಕಣ್ಣಿಗೆ ತೋರಿದಂತೆ ಬರೆದರೆಂದು ಬೋಧಿಸಿದರು. ಐದನೆಯ ಶತಮಾನದ ಆರಂಭದಲ್ಲೇ ಸಂತ ಅಗಸ್ಟೀನರು, ಕ್ರೈಸ್ತನೊಬ್ಬ ಶ್ರೀಗ್ರಂಥದ ಹೆಸರಿನಲ್ಲಿ ಆಕಾಶದ ಬಗ್ಗೆ ಅಸಂಬದ್ಧ ಮಾತನಾಡಿದರೆ, ಬಲ್ಲವರು ಪುನರುತ್ಥಾನದ ಬಗೆಗಿನ ನಮ್ಮ ಮಾತನ್ನು ನಂಬುವುದಾದರೂ ಹೇಗೆಂದು ಎಚ್ಚರಿಸಿದ್ದರು. ನನ್ನ ಸೋದರಳಿಯನ ಪ್ರಶ್ನೆ ಬೇರೆ ಏನಿತ್ತು? ಸಾವಿರದ ಆರುನೂರು ವರ್ಷಗಳ ಹಿಂದೆ ಒಬ್ಬ ಸಂತರು ಅದನ್ನು ಮುಂಗಂಡಿದ್ದರು.

1992ರ ಅಕ್ಟೋಬರ್ 31ರಂದು ಸಂತ ಜಗದ್ಗುರು ಎರಡನೇ ಜಾನ್ ಪೌಲರು, ಗೆಲಿಲಿಯೋನ ಕಾಲದ ದೇವಶಾಸ್ತ್ರಜ್ಞರು ಎಡವಿದ್ದನ್ನೂ, ಶ್ರೀಗ್ರಂಥವನ್ನು ಅರ್ಥೈಸುವ ವಿಚಾರದಲ್ಲಿ ಆ ವಿಜ್ಞಾನಿಯೇ ಅವರಿಗಿಂತ ಸೂಕ್ಷ್ಮಮತಿಯಾಗಿದ್ದನ್ನೂ ಬಹಿರಂಗವಾಗಿ ಹೇಳಿದರು. ತೀರ್ಪಾಗಿ 359 ವರ್ಷಗಳಾಗಿದ್ದವು. 2000ದ ಮಾರ್ಚ್ 12ರಂದು, ತಪಸ್ಸುಕಾಲದ ಮೊದಲ ಭಾನುವಾರ, ಸಂತ ಪೇತ್ರರ ಮಹಾದೇವಾಲಯದಲ್ಲಿ ಅವರು ಧರ್ಮಸಭೆಯ ಮಕ್ಕಳ ಪಾಪಗಳಿಗೆ ಕ್ಷಮೆ ಯಾಚಿಸಿದಾಗ, ಸತ್ಯದ ಸೇವೆಯೆಂದುಕೊಂಡು ಮಾಡಿದ ಬಲಾತ್ಕಾರದ ಪಾಪವೂ ಅದರಲ್ಲಿ ಸೇರಿತ್ತು. ಇಷ್ಟು ತಡವೇ ಎಂದು ಕೇಳುವವರಿದ್ದಾರೆ. ಕೇಳಲಿ, ಆ ಹಕ್ಕು ಅವರಿಗಿದೆ. ಪಾಪನಿವೇದನೆಯನ್ನು ಬೋಧಿಸುವ ಸಭೆ ತಾನೂ ಸಾರ್ವಜನಿಕವಾಗಿ ಮೊಣಕಾಲೂರಿತು ಎಂಬುದನ್ನೂ ನೆನೆಯೋಣ. ಇಂದು ವ್ಯಾಟಿಕನ್ ವೀಕ್ಷಣಾಲಯವನ್ನು ಯೇಸುಸಭೆಯವರು ನಡೆಸುತ್ತಿದ್ದಾರೆ. 2025ರಲ್ಲಿ ಅದರ ನಿರ್ದೇಶಕರಾಗಿ ನೇಮಕಗೊಂಡವರು ನಮ್ಮ ನೆರೆಯ ಗೋವಾ ಪ್ರಾಂತ್ಯದ ವಂದನೀಯ ರಿಚರ್ಡ್ ಡಿ'ಸೋಜಾ ಅವರು.

ಸೂರ್ಯನೂ ಕೇಂದ್ರವಲ್ಲ

ಪ್ರಬೋಧನೆಗಳಲ್ಲಿ ಒಂದು ಮಾತನ್ನು ನಾವು ಆಗಾಗ ಕೇಳುತ್ತೇವೆ: ಕೋಪರ್ನಿಕಸ್ ಭೂಮಿಯನ್ನು ಬಿಟ್ಟು ಸೂರ್ಯನನ್ನು ಕೇಂದ್ರವಾಗಿಸಿದಂತೆ, ನಾವೂ 'ನಾನು' ಎಂಬುದನ್ನು ಬಿಟ್ಟು ಕ್ರಿಸ್ತನನ್ನು ಕೇಂದ್ರವಾಗಿಸಿಕೊಳ್ಳಬೇಕು. ಒಳ್ಳೆಯ ಹೋಲಿಕೆಯೇ. ಆದರೆ ಖಗೋಳಶಾಸ್ತ್ರ ಅಲ್ಲಿಗೆ ನಿಲ್ಲಲಿಲ್ಲ. ಸೂರ್ಯನೂ ವಿಶ್ವದ ಕೇಂದ್ರವಲ್ಲವೆಂದು ಇಪ್ಪತ್ತನೆಯ ಶತಮಾನ ನಮಗೆ ಕಲಿಸಿತು. ಅವನು ಆಕಾಶಗಂಗೆಯ ನಡುವಿನಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ, ಇಪ್ಪತ್ತು ಕೋಟಿಗೂ ಹೆಚ್ಚು ವರ್ಷಗಳಿಗೊಮ್ಮೆ ಒಂದು ಸುತ್ತು ಹಾಕುವ ಸಾಧಾರಣ ನಕ್ಷತ್ರ. ಅಂಥ ಗ್ಯಾಲಕ್ಸಿಗಳು ಲೆಕ್ಕವಿಲ್ಲದಷ್ಟು. ವಿಶ್ವಕ್ಕೆ ಕೇಂದ್ರವೆಂಬ ಬಿಂದುವೇ ಇಲ್ಲ.

ನನಗೆ ಇದು ಭಯ ಹುಟ್ಟಿಸುವುದಿಲ್ಲ. ಸೃಷ್ಟಿಯಾದ ಯಾವುದೂ, ಭೂಮಿಯಾಗಲಿ ಸೂರ್ಯನಾಗಲಿ, ಕೇಂದ್ರವೆನ್ನಿಸಿಕೊಳ್ಳಲು ಅರ್ಹವಲ್ಲವೆಂಬುದು ಶ್ರೀಗ್ರಂಥದ ಮೊದಲ ಅಧ್ಯಾಯದ ಪಾಠವೇ ತಾನೆ? ಸುತ್ತಲಿನ ಜನಾಂಗಗಳು ಸೂರ್ಯಚಂದ್ರರನ್ನು ಪೂಜಿಸುತ್ತಿದ್ದಾಗ, ಆದಿಕಾಂಡವು ಅವುಗಳನ್ನು ದೇವರು ಇಟ್ಟ ದೀಪಗಳೆಂದಷ್ಟೇ ಕರೆಯಿತು. ನಾವು ಮಾತ್ರ ಹೊಸ ಕೇಂದ್ರಗಳನ್ನು ನಿಲ್ಲಿಸುತ್ತಲೇ ಬಂದಿದ್ದೇವೆ. ನಮ್ಮ ಜಾತಿ, ನಮ್ಮ ಊರು, ನಮ್ಮ ಪಂಗಡ, ಧರ್ಮಕೇಂದ್ರದಲ್ಲಿ ನಮ್ಮ ಕುಟುಂಬಕ್ಕೆ ಸಲ್ಲಬೇಕಾದ ಮರ್ಯಾದೆ, ಹಬ್ಬದ ಮೆರವಣಿಗೆಯಲ್ಲಿ ನಮ್ಮ ಸ್ಥಾನ. ಇವು ನಿಂತಿವೆ, ಲೋಕ ಇವನ್ನು ಸುತ್ತಬೇಕು ಎಂಬುದು ನಮ್ಮ ಟಾಲೆಮಿ ಶಾಸ್ತ್ರ. ಯಾರಾದರೂ ಬೇರೆ ಬಗೆಯಲ್ಲಿ ನಡೆದರೆ ಅವರ ನಡಿಗೆಗೆ ನಾವು ವಕ್ರಗತಿಯೆಂದು ಹೆಸರಿಡುತ್ತೇವೆ. ದೇವಸ್ವರೂಪಿಯಾದ ಕ್ರಿಸ್ತನಾದರೋ ಆ ಸಮಾನತೆಗೆ ಅಂಟಿಕೊಳ್ಳದೆ ತನ್ನನ್ನೇ ಬರಿದುಮಾಡಿಕೊಂಡನೆಂದು ಸಂತ ಪೌಲರು ಫಿಲಿಪ್ಪಿಯದವರಿಗೆ ನೆನಪಿಸುತ್ತಾರೆ. ಕೇಂದ್ರವಾಗಿರಲು ನಿಜವಾದ ಹಕ್ಕಿದ್ದ ಒಬ್ಬನೇ ಒಬ್ಬನು, ಊರಾಚೆಯ ಗುಡ್ಡದ ಮೇಲೆ ಸತ್ತನು.

ಬಯಲಿನಲ್ಲಿ ನಿಂತು ನೋಡಿದರೆ ದಿಗಂತವು ನಮ್ಮ ಸುತ್ತ ಒಂದು ಪೂರ್ಣ ವೃತ್ತವಾಗಿ ಕಾಣುತ್ತದೆ, ನಡುವೆ ನಾವು. ನಾವು ನಡೆದರೆ ವೃತ್ತವೂ ನಮ್ಮೊಡನೆ ನಡೆಯುತ್ತದೆ. ಇದರಿಂದ ತಪ್ಪಿಸಿಕೊಳ್ಳಲು ಯಾರಿಗೂ ಸಾಧ್ಯವಿಲ್ಲ. ದೇವರು ಕೊಟ್ಟ ಕಣ್ಣು ಕೆಲಸ ಮಾಡುವ ರೀತಿಯೇ ಅದು. ಆದರೆ ಹತ್ತು ಹೆಜ್ಜೆಯಾಚೆ ನಿಂತ ನೆರೆಯವನ ಸುತ್ತಲೂ ಅಷ್ಟೇ ಪೂರ್ಣವಾದ ಇನ್ನೊಂದು ದಿಗಂತವಿದೆ, ಅದರ ನಡುವೆ ಅವನಿದ್ದಾನೆ ಎಂದು ತಿಳಿಯುವುದು ಬುದ್ಧಿಗೆ ಸಾಧ್ಯ, ಮನಸ್ಸು ಮಾಡಿದರೆ ಹೃದಯಕ್ಕೂ ಸಾಧ್ಯ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆ ಆರಂಭವಾಗುವುದು ಈ ಅರಿವಿನಿಂದ. ಭೂಮಿ ಕದಲುತ್ತದೆಂದು ಒಪ್ಪಲು ನಮಗೆ ಮೂರು ಶತಮಾನಗಳು ಬೇಕಾದವು. ಪಕ್ಕದ ಮನೆಯವನಿಗೂ ಒಂದು ಆಕಾಶವಿದೆ ಎಂದು ಒಪ್ಪಲು ಅಷ್ಟು ಕಾಲ ಕಾಯಬೇಕಾಗಿಲ್ಲ.